ಮಾಳಿಗೆಯ ಮೇಲಿನ ಪಿಚ್ಚರ್

ಹೋದ ವರ್ಷದ ಬೇಸಿಗೆ. ಸಿಂದಗಿಯ ನಮ್ಮ ಓಣಿಯಲ್ಲಿ ಮಾಳಿಗೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಬಿಸಿ ರೊಟ್ಟಿ ಬುಟ್ಟಿಯಲ್ಲಿಟ್ಟು, ಹಗ್ಗ ಕಟ್ಟಿ, ಪಕ್ಕದ ಮನೆಯ ಮಾಳಿಗೆಯಲ್ಲಿನ ಬೆಳಕಿಂಡಿಯಿಂದ ಕೆಳಗೆ ಬಿಡುವುದು ನಮ್ಮ ಅತ್ತೆಯ ಹಳೆಯ ರೂಢಿ.

ಒಂದು ಸಂಜೆ ಮಾಸ್ತರನಾದ ನನ್ನ ಮೈದುನ ಪ್ರೊಜೆಕ್ಟರ್ ತಂದು, ಮಾಳಿಗೆಯ ಸುಣ್ಣದ ಗೋಡೆಗೆ ಹಳೆಯದೊಂದು ಪಿಚ್ಚರ್ ಬಿಟ್ಟ. ಓಣಿಯವರೆಲ್ಲ ಬಂದು ಕುಳಿತರು. ದೂರದ ಯಾವುದೋ ದೇಶದಲ್ಲಿ ನಿಜವಾಗಿ ನಡೆದದ್ದಂತೆ. ಮನೆಯೊಳಗೆ ಪುಟ್ಟ ಹುಡುಗಿಯೊಬ್ಬಳನ್ನು ಬಡಿಯುತ್ತಾರೆ. ನೆರೆಯವರಿಗೆ ಅಳು ಕೇಳುತ್ತದೆ, ಯಾರೂ ಬಾಗಿಲು ತಟ್ಟುವುದಿಲ್ಲ. ಭಾಷೆ ನಮಗೆ ತಿಳಿಯದು, ಮೈದುನ ಬಿಡಿಸಿ ಹೇಳುತ್ತಿದ್ದ. ಬೆಳದಿಂಗಳಲ್ಲಿ ಆ ಕಪ್ಪು ಬಿಳುಪು ಮುಖಗಳು ಗೋಡೆಯಿಂದಿಳಿದು ನಮ್ಮ ನಡುವೆಯೇ ಸುಳಿದಾಡಿದಂತಿತ್ತು.

"ಬಾಜೂದವ್ರು ಕಿವುಡ್ರೇನ?" ಅತ್ತೆ ರೇಗಿದರು.

"ಪಿಚ್ಚರ್ ಐತ್ಬೇ, ಸುಮ್ನ ನೋಡು," ಮೈದುನ ನಕ್ಕ.

ಆಗಲೇ ಕರೆಂಟು ಹೋಯಿತು. ಗೋಡೆ ಬರಿದಾಯಿತು. ಅಳು ಮಾತ್ರ ನಿಲ್ಲಲಿಲ್ಲ.

ಅದು ಪಕ್ಕದ ಬೆಳಕಿಂಡಿಯಿಂದ ಬರುತ್ತಿತ್ತು. ತಾಯಿ ತೀರಿದ ಮೇಲೆ ಸೋದರಮಾವ ಬಸ್ಯಾನ ಮನೆಗೆ ಬಂದಿದ್ದ ಪುಟ್ಟ ಸುಮ್ಮಿ. ಇಷ್ಟು ಹೊತ್ತೂ ಅದು ಪಿಚ್ಚರಿನದೇ ಅಂದುಕೊಂಡಿದ್ದೆವು.

"ಅವರ ಮನಿ ವಿಷಯ, ನಮಗ್ಯಾಕ?" ಹಿಂದಿನಿಂದ ಯಾರೋ ಗುಣುಗಿದರು.

ಅತ್ತೆ ಎದ್ದು ಹೋಗಿ ಬೆಳಕಿಂಡಿಗೆ ಬಗ್ಗಿದರು. "ಏ ಬಸ್ಯಾ! ಕೈ ತೆಗಿ. ಓಣಿಗೆ ಓಣಿನೇ ಇಲ್ಲಿ ಕುಂತೈತಿ."

"ನಮ್ಮ ಹುಡುಗಿ ಐತಿ ಬಿಡ್ರಿ, ನಿಮಗೇನು?" ಕೆಳಗಿನಿಂದ ಬಸ್ಯಾ.

"ಇದೇ ಕಿಂಡಿ ರೊಟ್ಟಿ ತಿಂದು ಬೆಳದಿ ನೀ. ಬಾಗಲಾ ತೆಗೀತಿಯೋ, ನಾನೇ ಹಗ್ಗಾ ಹಿಡದು ಇಳೀಲೋ?"

ಕೆಳಗೆ ಬಾಗಿಲ ಚಿಲಕ ಸರಿಯಿತು. ನಾನೇ ಇಳಿದು ಹೋಗಿ ಸುಮ್ಮಿಯನ್ನು ಎತ್ತಿಕೊಂಡು ಬಂದೆ. ತೋಳ ತುಂಬ ಬಾಸುಂಡೆ. ಅತ್ತೆಯ ತೊಡೆಯ ಮೇಲೆ ಮಲಗಿ ಬಿಕ್ಕುತ್ತಿದ್ದಳು. ಕರೆಂಟು ಬಂದು ಗೋಡೆಯ ಮೇಲೆ ಪಿಚ್ಚರಿನ ಆ ಹುಡುಗಿ ಮತ್ತೆ ಕಾಣಿಸಿದಳು. ಸುಮ್ಮಿ ದಿಟ್ಟಿಸಿ ನೋಡಿದಳು.

"ಆಯೀ, ಆಕಿನ್ನ ಯಾರೂ ಕರ್ಕೊಂಡ್ ಹೋಗ್ಲಿಲ್ಲೇನು?"

ಅತ್ತೆ ಅವಳ ತಲೆ ಸವರಿದರು. "ಆಕಿ ಓಣ್ಯಾಗ ಮಾಳಿಗಿ ಇದ್ದಿದ್ದಿಲ್ಲವ್ವಾ."

ಬೆಳಗಾಗುತ್ತಲೇ ಮೈದುನ ಮಕ್ಕಳ ಸಹಾಯವಾಣಿಗೆ ಫೋನು ಮಾಡಿದ. ಸುಮ್ಮಿ ಈಗ ಲಚ್ಯಾಣದಲ್ಲಿ, ಅಪ್ಪನ ತಾಯಿಯ ಜೊತೆಗಿದ್ದಾಳೆ, ಶಾಲೆಗೆ ಹೋಗುತ್ತಾಳೆ.

ಆ ಪಿಚ್ಚರಿನ ಕೊನೆ ನಾವ್ಯಾರೂ ನೋಡಲಿಲ್ಲ. ಇಂದಿಗೂ ಹಾಸಿಗೆ ಹೊತ್ತು ಮಾಳಿಗೆ ಹತ್ತಿದಾಗ ಬೆಳಕಿಂಡಿಯ ಹತ್ತಿರ ನನ್ನ ಕಾಲು ತಾನಾಗಿಯೇ ನಿಲ್ಲುತ್ತದೆ. ಬಗ್ಗಿ ಕಿವಿಗೊಡುತ್ತೇನೆ. ಕೆಳಗೆ ಪಾತ್ರೆಗಳ ಸದ್ದು, ಯಾರದೋ ನಗು ಕೇಳಿದ ಮೇಲೆಯೇ ಹಾಸಿಗೆ ಬಿಚ್ಚುತ್ತೇನೆ.