ನಿಡಘಟ್ಟದಲ್ಲಿ ಉಳಿದ ಅವ್ವನ ಎಕ್ಸರೇ

ಗೆಳೆಯರೇ, ನಮ್ಮವ್ವನದು ಕಲ್ಲುಮನಸ್ಸಲ್ಲ. ಇವತ್ತು ಬೆಂಗಳೂರಿನ ಆಸ್ಪತ್ರೆಯಲ್ಲಿ ಅದಕ್ಕೆ ಪುರಾವೆಯೇ ಸಿಕ್ಕಿತು.

ಅವ್ವನ ಬಾಯಿ ಸದಾ ಒಣಗಿರುತ್ತದೆ. ಲೋಟಗಟ್ಟಲೆ ನೀರಿಲ್ಲದೆ ಒಂದು ತುತ್ತು ಮುದ್ದೆಯೂ ಇಳಿಯುವುದಿಲ್ಲ. ಡಾಕ್ಟರು ಅವಳ ಕೆನ್ನೆಯೊಳಗಿನ ಸಣ್ಣ ತೂತಿನಿಂದ ಎಣ್ಣೆಯಂಥ ಔಷಧಿ ಬಿಟ್ಟು, ಕಿವಿಯ ಬುಡದಲ್ಲಿರುವ ಎಂಜಲಿನ ಗ್ರಂಥಿಯ ಎಕ್ಸರೇ ತೆಗೆದರು. ಅದರೊಳಗಿನ ನಾಳಗಳು ಮರದ ಕೊಂಬೆಗಳಂತೆ ಕಾಣಬೇಕಾದ ಕಡೆ ರಾಗಿ ಚೆಲ್ಲಿದಂತೆ ಬರೀ ಚುಕ್ಕಿ.

"ಗ್ರಂಥಿ ಕೆಟ್ಟಿದೆ. ಈ ಕಾಯಿಲೆಯಲ್ಲಿ ಕಣ್ಣೀರೂ ಬತ್ತಿಹೋಗುತ್ತದೆ," ಎಂದರು ಡಾಕ್ಟರು.

ಅವ್ವ ಥಟ್ಟನೆ ಎದ್ದು ಕೂತಳು. "ಆ ಪಟ ಇತ್ಲಾಗ್ ಕೊಡಿ ಸ್ವಾಮಿ!"

ಕೊತ್ತತ್ತಿಗೆ ವಾಪಸು ಬರುವಾಗ ಇದ್ದಿಲಿನ ಹೊಗೆಯಲ್ಲಿ ಓಡುವ ಬಸ್ಸು ನಿಡಘಟ್ಟದಲ್ಲಿ ನಿಂತಿದ್ದೇ ತಡ, ಅವ್ವ ನನ್ನ ಸೋದರತ್ತೆಯ ಮನೆಗೆ ನುಗ್ಗಿದಳು. ನಮ್ಮಜ್ಜಿ ತೀರಿಕೊಂಡಾಗ ಸೊಸೆಯಾದವಳು ಒಂದು ಹನಿ ಕಣ್ಣೀರು ಹಾಕಲಿಲ್ಲವೆಂದು ಅತ್ತೆ ಮಾತು ಬಿಟ್ಟು ಮೂರು ವರ್ಷವಾಗಿತ್ತು.

"ನೋಡ್ಕಳೇ ನಿಂಗಿ! ನನ್ ಕಣ್ಣಲ್ಲಿ ನೀರೇ ಇಲ್ಲ ಕಣೇ, ಎಲ್ಲಿಂದ ಸುರಿಸ್ಲಿ?"

ಅತ್ತೆ ಪಟವನ್ನು ಬಿಸಿಲಿಗೆ ಹಿಡಿದು ನೋಡಿದಳು. ಅವ್ವನನ್ನು ತಬ್ಬಿಕೊಂಡು ಗೊಳೋ ಎಂದಳು. "ನಿಂದು ಕಲ್ಲುಮನ್ಸು ಅಂತ ಊರಿಗೆಲ್ಲ ಏಳ್ಕಂಡು ಬಂದ್ನಲ್ಲ ಅತ್ಗೆ!"

"ಸುಮ್ಕಿರೇ. ಜೊತೇಲಿ ಅಳಾಕೆ ನನ್ ಕೈಲಿ ಆಗಾಕಿಲ್ಲ."

ಅತ್ತೆ ಕಣ್ಣೊರೆಸಿಕೊಂಡಳು, ಪಟವನ್ನು ಮಾತ್ರ ಹಿಂದಕ್ಕೆ ಕೊಡಲಿಲ್ಲ. "ಇದ್ ಇಲ್ಲೇ ಇರ್ಲಿ. ಯಾರ್ಯಾರ್ಗೆ ಏಳಿದ್ನೋ ಅವರ್ಗೆಲ್ಲ ತೋರಿಸ್ಬೇಕು."

ಮುಂದಿನ ಸಲ ಪಟ ತಪ್ಪದೆ ತನ್ನಿ ಎಂದಿದ್ದಾರೆ ಡಾಕ್ಟರು. ಯಾವಾಗ ವಾಪಸು ಕೊಡುತ್ತೀಯೆಂದು ಅತ್ತೆಯನ್ನು ಕೇಳಿದೆ. ನಿಡಘಟ್ಟ ಮುಗಿದ ಮೇಲೆ ಮದ್ದೂರಂತೆ, ಆಮೇಲೆ ಮಳವಳ್ಳಿಯಂತೆ.