ದರ್ಜಿಯ ಕನ್ನಡಕ

ನಮ್ಮ ಬೀದಿಯ ದರ್ಜಿಗೂ ಅವನ ಕನ್ನಡಕಕ್ಕೂ ಎಣ್ಣೆ-ಸೀಗೇಕಾಯಿ ಸಂಬಂಧ. ಇಸ್ತ್ರಿಯ ಹಬೆಗೆ ಮಂಜಾದರೆ ಬೈಗುಳ, ಬಗ್ಗಿದಾಗ ಜಾರಿದರೆ ಶಾಪ, ತೋಳು ಗಿಡ್ಡ ಕತ್ತರಿಸಿದರೂ ತಪ್ಪು ಕನ್ನಡಕದ್ದೇ. ಕೊನೆಗೆ ಕನ್ನಡಕದ ಕಾಟವೇ ಬೇಡವೆಂದು ಕಣ್ಣಿಗೆ ಲೇಸರ್ ಮಾಡಿಸಲು ಹೊರಟ. "ಹಿಂದೆ ಕಣ್ಣಲ್ಲಿ ಹರ್ಪಿಸ್ ವೈರಸ್‌ನಿಂದ ಹುಣ್ಣಾಗಿತ್ತಾ?" ಎಂದು ಡಾಕ್ಟರಮ್ಮ ಕೇಳಿದರೆ, "ನಂಗೆ ನೆಗಡೀನೇ ಬರಲ್ಲ!" ಎಂದ. ವಾಸಿಯಾದ ಕಾಯಿಲೆ ಅವನ ಲೆಕ್ಕದಲ್ಲಿ ಬಂದೇ ಇಲ್ಲ. ಪಕ್ಕದಲ್ಲೇ ಕೂತಿದ್ದ ಹೆಂಡತಿ ಬಿಟ್ಟಾಳೆಯೇ? "ಅದೇ ಹುಣ್ಣು ಡಾಕ್ಟ್ರೇ! ಕಣ್ಣು ಕೆಂಡ ಆಗಿತ್ತು, ತಿಂಗಳುಗಟ್ಟಲೆ ಔಷಧಿ ಬಿಟ್ಟವಳು ನಾನು!" "ಆ ರೋಗ ನರದಲ್ಲಿ ಮಲಗಿರತ್ತೆ. ಲೇಸರ್‌ಗೆ ಎದ್ದುಬಿಟ್ರೆ ದೃಷ್ಟಿಗೇ ಕುತ್ತು, ಬೇಡ," ಎಂದರು ಡಾಕ್ಟರಮ್ಮ. ದಾರಿಯಲ್ಲಿ ಅವನು ಮೆಲ್ಲಗೆ, "ಬೆಳಗ್ಗೆ ಕಣ್ಬಿಟ್ಟ ಕೂಡ್ಲೇ ನಿನ್ನ ಮುಖ ನೆಟ್ಟಗೆ ಕಾಣ್ಲಿ ಅಂತಿದ್ದೆ ಕಣೇ," ಎಂದ. ಈಗ ದಿನಾ ಬೆಳಗ್ಗೆ ಅವಳೇ ಅವನ ಮೂಗಿಗೆ ಮೂಗು ತಾಗುವಷ್ಟು ಬಗ್ಗಿ, "ಕಾಣ್ತಾ?" ಎನ್ನುತ್ತಾಳೆ.