ಅವ್ವ ಕಟ್ಟಿದ ವಿಜ್ಞಾನ

ಕೆಸರೆಯಲ್ಲಿ ನಮ್ಮದೊಂದು ದಿನಸಿ ಅಂಗಡಿ ಇತ್ತು. ಮುಂದೆ ಅಂಗಡಿ, ಹಿಂದೆ ಮನೆ, ಅದರ ಹಿಂದೆ ಒಗೆಯುವ ಕಲ್ಲು ಮತ್ತು ಒಂದು ನುಗ್ಗೆಮರ. ಅಪ್ಪ ಗಲ್ಲಾದಲ್ಲಿ ಕೂರುತ್ತಿದ್ದರು. ಅಪ್ಪನ ತಾಯಿ, ನಮ್ಮ ಅಜ್ಜಿ, ಅಂಗಡಿ ಬಾಗಿಲಲ್ಲಿ ಗೋಣಿಚೀಲ ಹಾಸಿಕೊಂಡು ಕೂತು ಹೋಗಿಬರುವವರನ್ನೆಲ್ಲ ಮಾತಾಡಿಸುತ್ತಿದ್ದಳು. ತೊಂಬತ್ತರ ದಶಕದ ನಡುವಿನ ಮಾತಿದು. ನಾನಾಗ ಎರಡು ಜಡೆ ಹಾಕಿಕೊಂಡು ಒಂಬತ್ತನೇ ಕ್ಲಾಸಿಗೆ ಹೋಗುತ್ತಿದ್ದೆ.

ಅಜ್ಜಿಗೆ ಓದುಬರಹ ಬರುತ್ತಿರಲಿಲ್ಲ. ಅದಕ್ಕೇ ಇರಬೇಕು, ಸೊಸೆ ಓದಿದವಳು ಎನ್ನುವುದು ಅವಳಿಗೆ ದೊಡ್ಡ ಹೆಮ್ಮೆ. ಸಕ್ಕರೆ ಕೊಳ್ಳಲು ಬಂದವರಿಗೂ, ಬರೀ ಬಿಸಿಲಿಗೆ ನೆರಳು ಅಂತ ನಿಂತವರಿಗೂ, "ನಮ್ ಸೊಸೆ ಎಸ್ಸೆಲ್ಸಿ ಪಾಸು ಕಣವ್ವ" ಎಂದು ಒಂದು ಸಲವಾದರೂ ಹೇಳದೆ ಬಿಡುತ್ತಿರಲಿಲ್ಲ. ಆ ಮಾತು ಬಂತೆಂದರೆ ಅವ್ವ ಒಳಗೇನೋ ಕೆಲಸವಿದೆಯೆಂದು ಎದ್ದು ಹೋಗುತ್ತಿದ್ದಳು. ಹೊಗಳಿದರೆ ನಾಚಿಕೊಳ್ಳುವ ಸ್ವಭಾವ ಎಂದು ನಾವೆಲ್ಲ ಅಂದುಕೊಂಡಿದ್ದೆವು.

ಆ ವರ್ಷ ಸ್ಕೂಲು ಶುರುವಾದ ಹೊಸದರಲ್ಲಿ ನಮ್ಮ ಬೀದಿಯ ಅಂಗನವಾಡಿ ಟೀಚರ್ ಕೆಲಸ ಬಿಟ್ಟು ಗಂಡನ ಊರಿಗೆ ಹೊರಟುಹೋದರು. ಅದೇ ಸಂಜೆ ಅಜ್ಜಿ ಏದುಸಿರು ಬಿಡುತ್ತಾ ಅಡುಗೆಮನೆಗೆ ಬಂದಳು.

"ಏನವ್ವ, ಅಂಗನವಾಡಿಗೆ ಟೀಚರ್ ಬೇಕಂತೆ. ಎಸ್ಸೆಲ್ಸಿ ಆಗಿರ್ಬೇಕಂತೆ. ನಮ್ಮನೇಲೇ ಅವ್ಳೆ ಅಂತ ಏಳ್ಬಂದಿವ್ನಿ. ನಿನ್ ಮಾರ್ಕ್ಸ್ ಕಾರ್ಡ್ ತಗ್ದಿಡು."

ಅವ್ವ ಸಾರು ತಿರುವುತ್ತಿದ್ದ ಸೌಟನ್ನು ಕೆಳಗಿಟ್ಟಳು. ಸೆರಗಿನಿಂದ ಕೈ ಒರೆಸಿಕೊಂಡಳು. "ಅತ್ತೆ, ನಾನು ಪಾಸಾಗಿಲ್ಲ" ಎಂದಳು. "ವಿಜ್ಞಾನದಲ್ಲಿ ಹೋಗ್ಬುಡ್ತು. ನೀವು ಹೆಣ್ಣು ನೋಡೋಕ್ ಬಂದಾಗ ನಮ್ಮಪ್ಪ ಪಾಸು ಅಂದ್ಬುಟ್ರು. ನಾನೂ ಬಾಯಿ ಬಿಡ್ಲಿಲ್ಲ."

ಅಜ್ಜಿ ತಿರುಗಿ ಹೋಗಿ ಗೋಣಿಚೀಲದ ಮೇಲೆ ಕೂತಳು. ವಿಷಯ ತಿಳಿದ ಅಪ್ಪ "ಅಯ್ಯೋ, ಇಷ್ಟೇನಾ?" ಎಂದು ನಕ್ಕುಬಿಟ್ಟರು, ಅಜ್ಜಿ ನೋಡಿದ ನೋಟಕ್ಕೆ ನಗು ನುಂಗಿಕೊಂಡರು. ರಾತ್ರಿ ಊಟದಲ್ಲಿ ಮಾತಿಲ್ಲ, ಬೆಳಿಗ್ಗೆ ಕಾಫಿಯಲ್ಲೂ ಮಾತಿಲ್ಲ. ಅಷ್ಟು ವರ್ಷದಲ್ಲಿ ಅವರಿಬ್ಬರೂ ಹಾಗೆ ಮಾತು ಬಿಟ್ಟಿದ್ದನ್ನು ನಾನು ನೋಡಿರಲಿಲ್ಲ. ಅವ್ವನ ಕಣ್ಣು ಕೆಂಪಾಗಿತ್ತು, ಆದರೂ ಏನೋ ಭಾರ ಇಳಿಸಿದವಳ ಹಾಗೆ ಸಲೀಸಾಗಿ ಓಡಾಡುತ್ತಿದ್ದಳು.

ಮಾರನೆಯ ಮಧ್ಯಾಹ್ನ ಅಜ್ಜಿ ತಾನಾಗಿಯೇ ಕೇಳಿದಳು. "ಒಂದೇನಾ ಓಗಿರೋದು?"

"ಒಂದೇ, ಅತ್ತೆ."

"ಇವಾಗ್ಲೂ ಕಟ್ಬೋದಾ?"

"ಕಟ್ಬೋದು. ಆದ್ರೆ ನಂಗೆ ವಿಜ್ಞಾನ ತಲೆಗೆ ಹತ್ತಲ್ಲ ಅತ್ತೆ."

"ಅತ್ತುಸ್ಕೊ. ಇಷ್ಟ್ ವರ್ಸ ಬೀದಿಗೆಲ್ಲ ಏಳವ್ನಿ. ನನ್ ಮಾತು ಸುಳ್ಳಾಗ್ಬಾರ್ದು" ಎಂದಳು ಅಜ್ಜಿ. ನಮ್ಮ ಮನೆಯಲ್ಲಿ ವಿಜ್ಞಾನ ಶುರುವಾದದ್ದು ಹೀಗೆ.

ಅಪ್ಪ ಯಾರಿಂದಲೋ ಹತ್ತನೇ ಕ್ಲಾಸಿನ ಪುಸ್ತಕ ತಂದುಕೊಟ್ಟರು. ಅವ್ವ ಅದನ್ನು ತೆರೆದಳು, ಒಂದೆರಡು ಹಾಳೆ ಮಗುಚಿದಳು, ಮುಚ್ಚಿ ದೇವರ ಗೂಡಿನ ಪಕ್ಕ ಇಟ್ಟಳು. ವಾರವಾದರೂ ಅದು ಅಲ್ಲಿಂದ ಕದಲಲಿಲ್ಲ. ನಾನು ನಮ್ಮ ವಿಜ್ಞಾನದ ಮೇಡಂ ಹತ್ತಿರ ಹೋಗಿ ಹೇಳಿಕೊಂಡೆ. ಲೂನಾದಲ್ಲಿ ಬರುತ್ತಿದ್ದ, ತಪ್ಪು ಬರೆದರೆ ಸೀಮೆಸುಣ್ಣದ ಚೂರು ಎಸೆಯುತ್ತಿದ್ದ ಮೇಡಂ. ಬೈಯುತ್ತಾರೇನೋ ಎಂದು ಹೆದರಿಕೆಯಿತ್ತು. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ನಿಮ್ಮ ತಾಯಿ ಈಗ ಓದ್ತಿದ್ದಾರಾ? ಒಳ್ಳೇದಾಯ್ತು. ಹತ್ತನೇದು ಆಮೇಲೆ ನೋಡೋಣ, ಮೊದ್ಲು ನಿನ್ನ ಪುಸ್ತಕಾನೇ ಓದ್ಲಿ. ಜೀವಕೋಶ, ಪೋಷಣೆ, ಜೀರ್ಣಕ್ರಿಯೆ. ಅವು ಗೊತ್ತಾದ್ರೆ ಮಿಕ್ಕಿದ್ದು ತಾನಾಗಿ ಬರುತ್ತೆ."

ಸ್ಕೂಲಿನಿಂದ ಬಂದ ಮೇಲೆ, ಅಂಗಡಿಗೆ ಗಿರಾಕಿ ಕಡಿಮೆಯಿರುವ ಹೊತ್ತಿನಲ್ಲಿ, ನಾನೂ ಅವ್ವನೂ ಹಿತ್ತಿಲ ಮೆಟ್ಟಿಲ ಮೇಲೆ ಕೂರುತ್ತಿದ್ದೆವು. ಅವ್ವ ಸೊಪ್ಪು ಬಿಡಿಸುತ್ತಾ, "ಜೀವಕೋಶವು ಜೀವಿಯ ರಚನೆಯ ಮತ್ತು ಕಾರ್ಯದ ಮೂಲ ಘಟಕ" ಎಂದು ಉರು ಹೊಡೆಯುತ್ತಿದ್ದಳು. ಒಂದು ದಿನ ನಡುವೆ ನಿಲ್ಲಿಸಿ ಕೇಳಿದಳು: "ನೀನು ನೋಡಿದ್ದೀಯಾ, ಈ ಜೀವಕೋಶಾನ?"

"ಚಿತ್ರ ಇದೆಯಲ್ಲವ್ವ."

"ಚಿತ್ರ ನಾನೂ ನೋಡಿದ್ದೆ, ಆವಾಗ್ಲೂ ಇದೇ ತರ ಇತ್ತು. ಮೊಟ್ಟೆ ಒಡೆದು ಬಾಣಲೀಗೆ ಬಿಟ್ಟಂಗೆ. ನಿಜವಾಗ್ಲೂ ಹಂಗೇ ಇರತ್ತಾ ಅಂತ ಕೇಳಿದ್ದು."

ನನಗೆ ಗೊತ್ತಿರಲಿಲ್ಲ. ನಮ್ಮ ಸ್ಕೂಲಿನಲ್ಲಿ ಸೂಕ್ಷ್ಮದರ್ಶಕ ಒಂದಿತ್ತು; ಅದು ಯಾವಾಗಲೂ ಬೀರುವಿನಲ್ಲಿರುತ್ತಿತ್ತು. ಮೇಡಂಗೆ ಅವ್ವನ ಪ್ರಶ್ನೆಯನ್ನು ಹೇಳಿದಾಗ ಅವರು, "ಶನಿವಾರ ಸ್ಕೂಲು ಬಿಟ್ಟ ಮೇಲೆ ಕರ್ಕೊಂಡು ಬಾ. ಒಂದು ಈರುಳ್ಳೀನೂ ತನ್ನಿ" ಎಂದರು.

ಆ ಶನಿವಾರ ಅವ್ವ ಮದುವೆಗೆ ಹೊರಟವಳಂತೆ ಇಸ್ತ್ರಿ ಸೀರೆ ಉಟ್ಟು ಗೇಟಿನ ಹತ್ತಿರ ನಿಂತಿದ್ದಳು. ಕೈಯಲ್ಲಿ ಅಂಗಡಿಯ ಕಾಗದದ ಪೊಟ್ಟಣ. ನನ್ನ ಗೆಳತಿಯರು ತಿರುತಿರುಗಿ ನೋಡಿಕೊಂಡು ಹೋದರು. ನನಗೆ ಕಿವಿ ಬಿಸಿಯಾಯಿತು. ಮೇಡಂ ಪೊಟ್ಟಣ ಬಿಚ್ಚಿದರೆ ಒಂದರ ಬದಲು ದಪ್ಪದಪ್ಪ ಈರುಳ್ಳಿ ತುಂಬಿದ್ದವು. "ಏನ್ರೀ ಇದು, ಹುಳಿ ಮಾಡೋಷ್ಟು ತಂದಿದ್ದೀರ" ಎಂದು ಅವರು ನಕ್ಕಾಗ ಅವ್ವನೂ ನಕ್ಕಳು, ನನ್ನ ಮುಜುಗರವೂ ಕಳೆಯಿತು.

ಮೇಡಂ ಈರುಳ್ಳಿಯ ಒಂದು ಎಸಳನ್ನು ಮುರಿದು ಒಳಗಿನ ತೆಳುಸಿಪ್ಪೆಯನ್ನು ಎಳೆದರು. ಗಾಜಿನ ಪಟ್ಟಿಯ ಮೇಲೆ ಹರಡಿ, ಕೆಂಪು ಬಣ್ಣದ ದ್ರಾವಣ ಒಂದು ಹನಿ ಬಿಟ್ಟು, ಸೂಕ್ಷ್ಮದರ್ಶಕದ ಕೆಳಗಿಟ್ಟು, ಕಿಟಕಿಯ ಬೆಳಕಿಗೆ ಅದರ ಕನ್ನಡಿ ತಿರುಗಿಸಿದರು. ಅವ್ವ ಬಗ್ಗಿ ಕಣ್ಣಿಟ್ಟಳು.

"ಏನು ಕಾಣುತ್ತೆ?"

"ಕರ್ರಗೆ ಪೊರಕೆ ಕಡ್ಡಿ ಇದ್ದಂಗೆ ಕಾಣ್ತದೆ ಮೇಡಂ."

"ಅದು ನಿಮ್ಮ ರೆಪ್ಪೆ ಕೂದಲು ಕಣ್ರೀ! ಕಣ್ಣನ್ನ ಅಷ್ಟು ಅಮುಕಬೇಡಿ."

ಮೇಡಂ ಪಕ್ಕದ ತಿರುಪನ್ನು ನಿಧಾನವಾಗಿ ತಿರುಗಿಸುತ್ತಾ ಹೋದರು. ಇದ್ದಕ್ಕಿದ್ದಂತೆ ಅವ್ವ ಅವರ ಕೈ ಹಿಡಿದುಕೊಂಡಳು. "ನಿಲ್ಸಿ, ನಿಲ್ಸಿ" ಎಂದಳು. ಆಮೇಲೆ ನಾನು ಸೀರೆ ಎಳೆದರೂ ಸರಿಯಲಿಲ್ಲ.

"ಇಟ್ಟಿಗೆ ಜೋಡಿಸ್ದಂಗೆ ಅದೆ," ಎಂದಳು ಕಣ್ಣು ತೆಗೆಯದೆ. "ಒಂದೊಂದ್ರೊಳಗೂ ಒಂದೊಂದು ಚುಕ್ಕಿ. ದಿನಾ ಹೆಚ್ಚೋ ಈರುಳ್ಳೀಲಿ ಇಷ್ಟೆಲ್ಲ ಇತ್ತಾ ಮೇಡಂ?"

"ನಿಮ್ಮಲ್ಲೂ ಇದೆ, ನನ್ನಲ್ಲೂ ಇದೆ" ಎಂದರು ಮೇಡಂ. "ಆ ಚುಕ್ಕೀನೇ ಕೋಶಕೇಂದ್ರ."

ನನ್ನ ಸರದಿ ಬಂದಾಗ ನಾನೂ ನೋಡಿದೆ. ಪರೀಕ್ಷೆಯಲ್ಲಿ ಆ ಚಿತ್ರಕ್ಕೆ ಪೂರ್ತಿ ಅಂಕ ತೆಗೆದುಕೊಂಡಿದ್ದವಳು ನಾನು. ಜೀವಕೋಶವನ್ನು ಕಂಡದ್ದು ಮಾತ್ರ ಅವತ್ತೇ. ಮನೆಗೆ ನಡೆದು ಬರುವಾಗ ಅವ್ವ ತನ್ನ ಅಂಗೈಯನ್ನೇ ನೋಡಿಕೊಳ್ಳುತ್ತಾ ಬಂದಳು. ಅವತ್ತಿನಿಂದ ಅವಳು ಉರು ಹೊಡೆಯುವುದು ನಿಂತುಹೋಯಿತು. ಎಲ್ಲದಕ್ಕೂ "ಯಾಕೆ, ಹೆಂಗೆ" ಎಂದು ಕೇಳತೊಡಗಿದಳು. ಉತ್ತರ ಗೊತ್ತಿರಬೇಕಲ್ಲ ಎಂದು ನಾನೂ ಕ್ಲಾಸಿನಲ್ಲಿ ಕಿವಿಗೊಟ್ಟು ಕೂರತೊಡಗಿದೆ.

ಜೀರ್ಣಕ್ರಿಯೆಯ ಪಾಠದಲ್ಲಿ ಒಂದು ಪ್ರಯೋಗವಿತ್ತು. ಗಂಜಿಗೆ ಅಯೋಡಿನ್ ಹನಿ ಬಿಟ್ಟರೆ ನೀಲಿಯಾಗುತ್ತದೆ, ಅದರಲ್ಲಿ ಪಿಷ್ಟ ಇದೆ ಎಂದು ಅರ್ಥ. ಅದೇ ಗಂಜಿಗೆ ಲಾಲಾರಸ ಬೆರೆಸಿ ಸ್ವಲ್ಪ ಹೊತ್ತು ಬಿಟ್ಟರೆ ಬಾಯಿಯ ಕಿಣ್ವ ಪಿಷ್ಟವನ್ನು ಸಕ್ಕರೆ ಮಾಡಿಬಿಡುತ್ತದೆ. ಆಮೇಲೆ ಅಯೋಡಿನ್ ಹಾಕಿದರೂ ನೀಲಿ ಬರುವುದಿಲ್ಲ. ಅವ್ವನಿಗೆ ಇದನ್ನು ಮಾಡಿಯೇ ನೋಡಬೇಕೆನಿಸಿತು. ಮೆಡಿಕಲ್ ಸ್ಟೋರಿನಿಂದ ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ ತರಿಸಿದಳು. ಆದರೆ ಅವಳು ಅಡುಗೆಮನೆಯಲ್ಲಿ ಗಂಜಿಯ ಲೋಟದೊಳಕ್ಕೆ ಉಗುಳುವುದಕ್ಕೂ ಅಜ್ಜಿ ಒಳಗೆ ಬರುವುದಕ್ಕೂ ಸರಿಹೋಯಿತು.

"ಶಿವಶಿವಾ! ಅನ್ನಕ್ಕೆ ಎಂಜ್ಲು ಮಾಡ್ತಿದ್ದೀಯಲ್ಲೇ!"

"ಪಾಠ ಅತ್ತೆ, ಪಾಠ."

"ಪಾಠ ಆದ್ರೆ ಆಚೆ ಮಾಡು. ಒಲೆ ಮುಂದೆ ಮಾಡ್ಬೇಡ."

ಹಾಗಾಗಿ ಪ್ರಯೋಗ ಒಗೆಯುವ ಕಲ್ಲಿನ ಮೇಲೆ ನಡೆಯಿತು. ನಾವು ಕಾದೆವು. ಅವ್ವ ಅಯೋಡಿನ್ ಬಿಟ್ಟಳು. ಗಂಜಿ ಕಡುನೀಲಿಯಾಯಿತು. ಮತ್ತೊಂದು ಲೋಟದಲ್ಲಿ ಮಾಡಿದಳು; ಅದೂ ನೀಲಿ. ಅವ್ವನ ಮುಖ ಬಾಡಿತು. "ನಾನು ಹೇಳ್ಲಿಲ್ವಾ, ನಂಗೆ ಇದು ಹತ್ತಲ್ಲ ಅಂತ" ಎಂದು ಲೋಟಗಳನ್ನು ಬಳಿದು ಚೆಲ್ಲಿ ಒಳಗೆ ಹೋದಳು.

ಮಾರನೆಯ ದಿನ ನಾನು ಮೇಡಂಗೆ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಗಂಜಿ ಬಿಸಿ ಇತ್ತಾ?" ಬಿಸಿಯೇ ಇತ್ತು, ಆಗತಾನೇ ಬಸಿದದ್ದು. "ಅದಕ್ಕೇ. ಅಷ್ಟು ಬಿಸೀಲಿ ಕಿಣ್ವ ಕೆಟ್ಟುಹೋಗುತ್ತೆ."

ಮನೆಗೆ ಬಂದು ಇಷ್ಟು ಹೇಳಿದ್ದೇ ತಡ, ಅವ್ವ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ ಬುದ್ಧಿಗಿಷ್ಟು! ಕುದಿಯೋ ಹಾಲಿಗೆ ಹೆಪ್ಪು ಹಾಕಿದ್ರೆ ಮೊಸರಾಗತ್ತಾ? ಆರ್ಬೇಕಲ್ವಾ!" ಮೊಸರಿನ ವಿಷಯವೇ ಬೇರೆ, ಅಲ್ಲಿರುವುದು ಬ್ಯಾಕ್ಟೀರಿಯ ಎಂದು ನಾನು ತಿದ್ದಲು ಹೋದೆ. "ಬಿಸಿ ಎರಡಕ್ಕೂ ಆಗಲ್ಲ ತಾನೆ?" ಎಂದಳು. ಅದು ನಿಜವೇ ಆಗಿತ್ತು.

ಈ ಸಲ ಗಂಜಿಯನ್ನು ನೀರು ಬೆರೆಸಿ ತೆಳ್ಳಗೆ ಮಾಡಿ, ಬೆರಳಿಟ್ಟರೆ ಬೆಚ್ಚಗೆ ಅನ್ನಿಸುವಷ್ಟು ಆರಿಸಿದಳು. ಎಂಜಲು ಬೆರೆಸಿದ ಲೋಟವನ್ನು ಬಿಸಿಲಲ್ಲಿಟ್ಟು ಕಾದೆವು. ಅಯೋಡಿನ್ ಹನಿ ಬಿತ್ತು. ನೀಲಿ ಬರಲಿಲ್ಲ. ಟಿಂಚರಿನ ಕಂದು ಹಳದಿಯಷ್ಟೇ ನೀರಿನಲ್ಲಿ ಹರಡಿಕೊಂಡಿತು. ಎಂಜಲು ಹಾಕದ ಪಕ್ಕದ ಲೋಟ ಮಾತ್ರ ಕಡುನೀಲಿ. ಅವ್ವ ಎರಡನ್ನೂ ಎತ್ತಿ ಹಿಡಿದು ಅಂಗಡಿಯವರೆಗೂ ಹೋಗಿ ಅಪ್ಪನಿಗೆ ತೋರಿಸಿ ಬಂದಳು.

ದೂರದಿಂದಲೇ ನೋಡುತ್ತಿದ್ದ ಅಜ್ಜಿ ಹತ್ತಿರ ಬಂದಳು. "ಎಂಜ್ಲು ಅಷ್ಟು ಕೆಲ್ಸ ಮಾಡ್ತದಾ?" ಎಂದು ಕೇಳಿದಳು. "ನಂಗೆ ಒಂದ್ ಅಲ್ಲೂ ಇಲ್ವಲ್ಲ. ನನ್ ಬಾಯಲ್ಲೂ ಅದು ಇರ್ತದಾ?"

ಅವಳ ಹಲ್ಲೆಲ್ಲ ಉದುರಿ ವರ್ಷಗಳಾಗಿದ್ದವು. ಅವ್ವ ನನ್ನ ಮುಖ ನೋಡಿದಳು. ಪುಸ್ತಕದಲ್ಲಿ ಹಲ್ಲಿಲ್ಲದವರ ವಿಷಯ ಬರೆದಿರಲಿಲ್ಲ. "ನೋಡೇಬುಡೋಣ ಅತ್ತೆ" ಎಂದು ಇನ್ನೊಂದು ಲೋಟ ತಂದಳು. ಅಜ್ಜಿ ಅತ್ತಿತ್ತ ನೋಡಿ, ಸೆರಗು ಅಡ್ಡ ಹಿಡಿದು, ಲೋಟದೊಳಕ್ಕೆ ಉಗುಳಿದಳು. ಆಮೇಲೆ ನುಗ್ಗೆಮರದ ಕೆಳಗೆ ಕುಕ್ಕರುಗಾಲಲ್ಲಿ ಕೂತು ಲೋಟದ ಮೇಲಿನ ಕಣ್ಣು ಕೀಳಲಿಲ್ಲ. ಯಾರೋ ಬೆಲ್ಲ ಕೇಳಿಕೊಂಡು ಬಂದು ಅಂಗಡಿ ಮುಂದಿನಿಂದ ಕೂಗಿದರೂ ಏಳಲಿಲ್ಲ.

ಅಜ್ಜಿಯ ಲೋಟದಲ್ಲೂ ನೀಲಿ ಬರಲಿಲ್ಲ.

"ಇದೆ ಅತ್ತೆ! ನಿಮ್ದೂ ಕೆಲ್ಸ ಮಾಡ್ತದೆ!" ಎಂದು ಅವ್ವ ಕೂಗಿದಳು. ಅಜ್ಜಿಯ ಬೊಚ್ಚುಬಾಯಿ ಅಗಲವಾಯಿತು. ಆ ವಾರವೆಲ್ಲ ಅಂಗಡಿಗೆ ಬಂದವರಿಗೆ, "ಅಲ್ಲು ಓದ್ರೇನಂತೆ, ಒಳ್ಗಡೆ ಮಿಷಿನ್ ಸರ್ಯಾಗದೆ" ಎಂದು ಹೇಳಿದ್ದೇ ಹೇಳಿದ್ದು. ಮುದ್ದೆಯನ್ನು ಅಗಿಯದೆ ನುಂಗುವವರು ನಾವು. ಅನ್ನ ತಿನ್ನುವಾಗಲಾದರೂ ಬಾಯಲ್ಲಿ ನಾಕು ಸಲ ಹೊರಳಿಸಿ ನುಂಗಿ ಎಂದು ಅಪ್ಪನಿಗೂ ನನಗೂ ಉಪದೇಶ ಬೇರೆ.

ಸಂಕ್ರಾಂತಿ ಹೊತ್ತಿಗೆ ಒಂದು ಸುದ್ದಿ ಬಂತು: ಅಂಗನವಾಡಿಯ ಜಾಗ ಬೇರೊಬ್ಬರಿಗೆ ಆಗಿತ್ತು. ಆಕೆ ಆಗಲೇ ಪಾಸಾಗಿದ್ದವರು, ಅದು ನ್ಯಾಯವೇ. ಅಜ್ಜಿ ಒಂದಿಷ್ಟು ಗೊಣಗಿದಳು. ಅಪ್ಪ ಅವ್ವನಿಗೆ ಹೇಳಿದರು: "ಇನ್ಯಾಕೆ ಸುಮ್ನೆ ಕಷ್ಟ ಪಡ್ತೀಯ? ಬುಟ್ಬುಡು."

ಅವ್ವ ಆಗ ದೇವರ ಗೂಡಿನ ಪಕ್ಕದಿಂದ ಕೊನೆಗೂ ಕೆಳಗಿಳಿದಿದ್ದ ಹತ್ತನೇ ಕ್ಲಾಸಿನ ಪುಸ್ತಕ ನೋಡಿಕೊಂಡು ಜೀರ್ಣಾಂಗಗಳ ಚಿತ್ರ ಬರೆಯುತ್ತಾ ಕೂತಿದ್ದಳು. ತಲೆಯೆತ್ತದೆ ಹೇಳಿದಳು: "ಸಣ್ಣ ಕರುಳಿನ ತಂಕ ಬಂದಿದ್ದೀನಿ ಕಣ್ರೀ. ಇಲ್ಲಿ ಬಿಟ್ಟು ಎದ್ರೆ ನಂಗೇ ಜೀರ್ಣ ಆಗಲ್ಲ."

ಅಪ್ಪ ಮತ್ತೆ ಆ ಮಾತೆತ್ತಲಿಲ್ಲ. ಪರೀಕ್ಷೆಯ ದಿನ ಅಂಗಡಿಯ ಬಾಗಿಲು ಎಳೆದು, ಸ್ಕೂಟರಿನಲ್ಲಿ ಅವ್ವನನ್ನು ಕೂರಿಸಿಕೊಂಡು ಹೋದರು. ಅವ್ವ ವಾಪಸು ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಅಜ್ಜಿ ಕೇಳಿದಳು: "ನಮ್ ಎಂಜ್ಲು ಬಂದಿತ್ತೇನವ್ವ?"

"ಎಂಜ್ಲು ಬರ್ಲಿಲ್ಲ ಅತ್ತೆ. ಕರುಳು ಬಂದಿತ್ತು!"

ಫಲಿತಾಂಶದ ದಿನ ಅಪ್ಪನೇ ಹೋಗಿ ನೋಡಿಕೊಂಡು ಬಂದರು. ಬೀದಿಯ ತುದಿಯಿಂದಲೇ ಹಾರ್ನ್ ಹೊಡೆಯುತ್ತಾ ಬಂದದ್ದರಿಂದ ನಮಗೆ ಕೇಳುವ ಅಗತ್ಯ ಬೀಳಲಿಲ್ಲ. ಅವ್ವ ಮೊದಲು ಅಜ್ಜಿಯ ಕಾಲಿಗೆ ಬಿದ್ದಳು. ಅಜ್ಜಿ ಅವಳನ್ನು ಎಬ್ಬಿಸಿ ಎರಡೂ ಕೆನ್ನೆ ಸವರಿ ನೆಟಿಕೆ ಮುರಿದಳು. ಅಪ್ಪ ತಂದಿದ್ದ ಮೈಸೂರುಪಾಕಿನಲ್ಲಿ ಅರ್ಧವನ್ನು ಅವ್ವ ಡಬ್ಬಿಗೆ ತುಂಬಿ ಮೇಡಂ ಮನೆಗೆ ಕೊಟ್ಟುಬಂದಳು. ಮೇಡಂ ಅವಳನ್ನು ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟರಂತೆ. ಅದನ್ನು ಅವ್ವ ಫಲಿತಾಂಶಕ್ಕಿಂತ ಹೆಚ್ಚು ಸಲ ಹೇಳಿದಳು.

ಎರಡು ಸಾವಿರದ ಇಸವಿ ದಾಟಿದ ಮೇಲೆ ನಮ್ಮ ಹಿಂದಿನ ಬೀದಿಗೆ ಹೊಸ ಅಂಗನವಾಡಿ ಬಂತು. ಅವ್ವ ಅರ್ಜಿ ಹಾಕಿದಳು, ಕೆಲಸ ಸಿಕ್ಕಿತು. ನಾನಾಗ ಜೀವಶಾಸ್ತ್ರವನ್ನೇ ತೆಗೆದುಕೊಂಡು ಡಿಗ್ರಿ ಓದುತ್ತಿದ್ದೆ. ಒಂದು ಮಧ್ಯಾಹ್ನ ಕಾಲೇಜು ಬೇಗ ಬಿಟ್ಟಿತೆಂದು ಅವಳನ್ನು ನೋಡಲು ಹೋದೆ. ಮಕ್ಕಳು ಚಾಪೆಯ ಮೇಲೆ ಸಾಲಾಗಿ ಕೂತಿದ್ದವು. ಅವ್ವ ಒದ್ದೆ ಬಟ್ಟೆಯ ಗಂಟು ಬಿಚ್ಚಿ ಮೊಳಕೆ ಬಂದ ಹೆಸರುಕಾಳನ್ನು ತಟ್ಟೆಗೆ ಸುರಿದಳು.

"ನೋಡ್ರಪ್ಪ, ನಿನ್ನೆ ಬಾಲ ಇತ್ತಾ ಇದಕ್ಕೆ?"

"ಇಲ್ಲಾ ಮಿಸ್" ಎಂದು ಮಕ್ಕಳು ಒಟ್ಟಿಗೆ ಕೂಗಿದವು.

"ಇವತ್ತು ಎಲ್ಲಿಂದ ಬಂತು? ಜೀವ ಇತ್ತು, ಅದಕ್ಕೆ ಬಂತು."

ಬಾಗಿಲಲ್ಲಿ ನಿಂತ ನನ್ನನ್ನು ನೋಡಿ, "ಕೂತ್ಕೊ, ನಿಂಗೂ ಕೊಡ್ತೀನಿ" ಎಂದಳು. ನಾನು ಚೀಲ ಪಕ್ಕಕ್ಕಿಟ್ಟು ಸಾಲಿನ ಕೊನೆಯಲ್ಲಿ, ಮೂಗು ಸುರಿಸುತ್ತಿದ್ದ ಒಂದು ಮಗುವಿನ ಪಕ್ಕ ಕೂತೆ. ಅವ್ವ ಒಬ್ಬೊಬ್ಬರ ಕೈಗೂ ಕಾಳು ಹಾಕುತ್ತಾ, ಚೆನ್ನಾಗಿ ಅಗಿದು ತಿನ್ನಿ ಎಂದು ಹೇಳುತ್ತಾ ಬಂದು, ನನ್ನ ಬೊಗಸೆಗೂ ಒಂದು ಹಿಡಿ ಹಾಕಿದಳು.